ಗಿರಿಜಮ್ಮ ಟೀಚರ ಎಡಗೈ

ಗಿರಿಜಮ್ಮ ಟೀಚರು ಎಡಗೈಯಲ್ಲಿ ಡಸ್ಟರ್ ಹಿಡಿದದ್ದನ್ನು ನಾವು ಯಾರೂ ನೋಡಿದವರಲ್ಲ. ಬರೆಯುವುದೂ ಬಲಗೈ, ಒರೆಸುವುದೂ ಬಲಗೈ. ಬರೆಯುತ್ತ ನಡುವೆ ಒರೆಸಬೇಕಾಗಿ ಬಂದರೆ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, ಡಸ್ಟರ್ ಎತ್ತಿಕೊಂಡು ಒರೆಸಿ, ಅದನ್ನಿಟ್ಟು ಮತ್ತೆ ಚಾಕ್‌ಪೀಸ್ ಹುಡುಕುತ್ತಿದ್ದರು. ಅಷ್ಟು ಹೊತ್ತೂ ಆ ಎಡಗೈ ಸೊಂಟದ ಹತ್ತಿರ ಅರ್ಧ ಬಿಚ್ಚಿಕೊಂಡು, ಯಾರೋ ಏನೋ ಕೊಡುತ್ತಾರೆಂದು ಕಾದ ಹಾಗೆ ಇರುತ್ತಿತ್ತು. ಮೂಡಿಗೆರೆಯ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಟೀಚರು. ಪಾಠ ಬಿಟ್ಟು ಆ ಕೈಯನ್ನೇ ನೋಡುತ್ತ ಕೂತ ದಿನಗಳು ನನಗೆ ಎಷ್ಟೋ ಇವೆ.

ಕಾರಣ ಹೇಳಿದ್ದು ಅಮ್ಮ. ನಮ್ಮ ಹಾಗೆ ಅವರೂ ಲಿಂಗ ಕಟ್ಟಿದವರು. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವುದು ನಮ್ಮವರ ಪದ್ಧತಿ. ಪೂಜೆ ಮುಗಿದ ಮೇಲೆ ಎಲ್ಲರೂ ಅದೇ ಕೈಯಲ್ಲಿ ಬಕೆಟ್ ಎತ್ತುತ್ತಾರೆ, ಈರುಳ್ಳಿ ಹಿಡಿಯುತ್ತಾರೆ. ಟೀಚರು ಮಾತ್ರ ಆ ಅಂಗೈಗೆ ಚಾಕ್‌ಪೀಸಿನ ಪುಡಿ ಸೋಕಿಸುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದಾಗ ಅವರಿಗೆ ನಗು ಬಂತು.

"ಶಾಸ್ತ್ರದಲ್ಲೇನೂ ಇಲ್ಲ ಕಣೇ, ನಂದೊಂದು ಹುಚ್ಚು. ಬೆಳಿಗ್ಗೆ ಅಲ್ಲಿ ಕೂತು ಹೋದವನ ಜಾಗ ಸಂಜೆ ತನಕ ಬೆಚ್ಚಗೇ ಇರ್ತದೆ ಅನ್ನಿಸ್ತದೆ."

ವಿಶ್ವ ಹೇಗೆ ಶುರುವಾಯಿತು ಎನ್ನುವ ಪಾಠವನ್ನು ಅವರು ಬೇಕೆಂದೇ ಕಾಫಿ ಹೂವಾಗುವವರೆಗೆ ಮುಂದಕ್ಕೆ ಹಾಕುತ್ತಿದ್ದರು. ಒಂಬತ್ತನೇ ಕ್ಲಾಸಿನ ಕೊನೆಯ ದಿನಗಳು. ಬೇಸಿಗೆಯ ಮೊದಲ ಮಳೆ, ನಮ್ಮ ಕಡೆಯ ಹೂಮಳೆ, ಬಿದ್ದು ವಾರ ಕಳೆದಿತ್ತು. ಸ್ಕೂಲಿನ ಹಿಂದಿನ ತೋಟ ಒಂದೇ ಬೆಳಗಿಗೆ ಬೆಳ್ಳಗಾಗಿ, ಅದರ ಪರಿಮಳ ಕಿಟಕಿಯಿಂದ ಒಳಗೆ ಬಂದು ಎಲ್ಲರಿಗೂ ಮಂಪರು ಹತ್ತಿಸಿತ್ತು. ಟೀಚರು ನಮ್ಮನ್ನೆಲ್ಲ ಎಬ್ಬಿಸಿ ಬೇಲಿಯ ಹತ್ತಿರ ಕರೆದುಕೊಂಡು ಹೋದರು. ಹೂವಿದ್ದಾಗ ತೋಟದೊಳಗೆ ಯಾರೂ ಕಾಲಿಡಬಾರದು, ಕೆಲಸದವರೂ ಹೋಗುವುದಿಲ್ಲ. ಬೇಲಿಯ ಈಚೆ ನಿಂತೇ ನೋಡಿದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲವಾದ್ದರಿಂದ ಹೂವು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ.

"ಹೂ ಯಾಕಾಯ್ತು?" ಎಂದರು ಟೀಚರು.

"ಮಳೆ ಬಂತಲ್ಲ ಟೀಚರ್."

"ಮಳೆಗೆ ಮುಂಚೆ ಮೊಗ್ಗು ಎಲ್ಲಿತ್ತು?"

"ಗಿಡದಲ್ಲೇ ಇತ್ತು."

"ನೋಡಿ, ವಿಜ್ಞಾನ ಹೇಳೋ ಕತೆನೂ ಮಳೆಯಿಂದ ಈಚಿಂದು. ಎಲ್ಲಾ ಒತ್ತಿಕೊಂಡು ಕುದೀತಾ ಇತ್ತು, ಹಿಗ್ಗಿತು, ತಣ್ಣಗಾಯ್ತು, ನಕ್ಷತ್ರ ಆಯ್ತು. ಇಷ್ಟು ಲೆಕ್ಕ ಚೆಂದ ಬರ್ತದೆ, ನಂಬಬಹುದು. ಅದಕ್ಕೂ ಹಿಂದೆ ಹೋದ್ರೆ ಲೆಕ್ಕ ಕೈಕೊಡ್ತದೆ."

"ಅದಕ್ಕೂ ಹಿಂದೆ ಏನಿತ್ತು ಟೀಚರ್?"

"ಗೊತ್ತಿಲ್ಲ ಮಾರಾಯ್ತಿ."

ಬೇರೆ ಮೇಷ್ಟ್ರುಗಳು ಆ ಮಾತನ್ನು ಸಿಟ್ಟಿನಿಂದ ಹೇಳುತ್ತಿದ್ದರು, ಇಲ್ಲವೇ ಹೇಳುತ್ತಲೇ ಇರಲಿಲ್ಲ. ಇವರು ಬೆಲ್ಲದ ಚೂರನ್ನು ಬಾಯಲ್ಲಿ ಆಡಿಸುವ ಹಾಗೆ ಹೇಳುತ್ತಿದ್ದರು. ಹಾಗಾದರೆ ಅಲ್ಲಿ ದೇವರಿದ್ದಾನಾ ಎಂದು ಹಿಂದಿನಿಂದ ಯಾರೋ ಕೇಳಿದರು. ಟೀಚರು ತಲೆಯಾಡಿಸಿದರು.

"ಗೊತ್ತಿಲ್ಲದ ಜಾಗದಲ್ಲೆಲ್ಲ ಅವನನ್ನ ಕೂರಿಸ್ಬೇಡಿ. ನಾಳೆ ಯಾರೋ ಅದನ್ನೂ ಕಂಡುಹಿಡಿದ್ರೆ ಪಾಪ, ಎದ್ದು ಎಲ್ಲಿಗೆ ಹೋಗ್ತಾನೆ?"

ಈ ಬುದ್ಧಿಯಿಂದಾಗಿ ಅವರು ಯಾರಿಗೂ ಪೂರ್ತಿ ದಕ್ಕಲಿಲ್ಲ. ನಮ್ಮ ಸಮಾಜದವರು ಒಂದು ವರ್ಷ ಅವರನ್ನು ಭಾಷಣಕ್ಕೆ ಕರೆದು, ವಿಜ್ಞಾನಿಗಳು ಈಗ ಹೇಳುವುದನ್ನೆಲ್ಲ ನಮ್ಮ ಹಿರಿಯರು ಆಗಲೇ ಹೇಳಿದ್ದರೆಂದು ಮಾತಾಡಬೇಕೆಂದರು. "ಹಾಗೆ ಹೇಳಿದ್ರೆ ಇಬ್ಬರಿಗೂ ಅವಮಾನ ಆಗ್ತದೆ" ಎಂದು ಟೀಚರು ಒಪ್ಪಲಿಲ್ಲ. ಮುಂದಿನ ವರ್ಷದಿಂದ ಅವರ ಮನೆಗೆ ಸಭೆಯ ಲಾಡು ಮಾತ್ರ ಬರತೊಡಗಿತು. "ನಷ್ಟ ಏನಿಲ್ಲ, ಭಾಷಣಕ್ಕಿಂತ ಲಾಡು ಚೆನ್ನಾಗಿತ್ತು" ಎಂದು ನಮಗೂ ಒಂದೊಂದು ಕೊಟ್ಟರು.

ನಾನು ಚಿಕ್ಕಮಗಳೂರಿನಲ್ಲಿ ಫಿಸಿಕ್ಸ್ ಓದುತ್ತಿದ್ದಾಗ ಲಿಂಗ ತೆಗೆದಿಟ್ಟೆ. ಹಟಕ್ಕಲ್ಲ. ಓದಿದ್ದಕ್ಕೂ ಎದೆಯ ಮೇಲಿದ್ದದ್ದಕ್ಕೂ ಸಂಬಂಧವೇ ಸಿಗದೆ, ಸುಳ್ಳು ಹೊತ್ತುಕೊಂಡು ತಿರುಗುತ್ತಿದ್ದೇನೆ ಅನ್ನಿಸಿತು. ಅಮ್ಮ ಬೈಯಲಿಲ್ಲ. ಊಟ ಬಡಿಸುವುದನ್ನೂ ಬಿಡಲಿಲ್ಲ. ಆದರೆ ಬೆಳಿಗ್ಗೆ ಪೂಜೆಗೆ ಕೂರುವಾಗ, ಎಂದೂ ಇಲ್ಲದ್ದು, ದೇವರ ಕೋಣೆಯ ಬಾಗಿಲು ಎಳೆದುಕೊಳ್ಳತೊಡಗಿದರು. ಆ ಮುಚ್ಚಿದ ಬಾಗಿಲು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಕೊನೆಗೆ ಒಂದು ದಿನ ಅಮ್ಮ ನನ್ನನ್ನು ಟೀಚರ ಮನೆಗೆ ಎಳೆದುಕೊಂಡು ಹೋದರು.

"ನೀವೂ ಸೈನ್ಸ್ ಓದಿದವ್ರಲ್ವಾ ಟೀಚರ್? ಇವಳಿಗೆ ನೀವೇ ಹೇಳಿ, ಕಟ್ಕೊಳ್ಲಿ."

"ಕಟ್ಟಿಸೋದು ನಂಗೆ ಬರಲ್ಲ ಪಾರ್ವತಕ್ಕ" ಎಂದರು ಟೀಚರು. ನನ್ನ ಮುಖ ಅರಳಿದ್ದು ಕಂಡಿರಬೇಕು, ನನ್ನ ಕಡೆ ತಿರುಗಿದರು. "ನೀನು ಯಾಕೆ ತೆಗೆದೆ?"

"ವಿಶ್ವ ಶುರುವಾಗೋದಕ್ಕೆ ದೇವರು ಬೇಕೇ ಬೇಕು ಅಂತ ಎಲ್ಲೂ ಬರಲ್ಲ ಟೀಚರ್."

"ಬೇಡ ಅಂತ ಬರ್ತದಾ?"

ಅದೂ ಬರಲ್ಲ ಎಂದು ಒಪ್ಪಿಕೊಂಡೆ.

"ನೋಡು, ಎಲ್ಲಾ ಶುರು ಮಾಡಿದ ಅಂತ ನಾನು ಪೂಜೆ ಮಾಡೋದಲ್ಲ. ಕೂತಾಗ ಒಬ್ಳೇ ಇದ್ದೀನಿ ಅನ್ನಿಸಲ್ಲ, ಅಷ್ಟೆ. ನಿಂಗೆ ಹಾಗೆ ಅನ್ನಿಸದಿದ್ರೆ ಅನ್ನಿಸಿದ ಹಾಗೆ ನಟಿಸ್ಬೇಡ."

ಅಮ್ಮ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಪೂಜೆಯ ಹೊತ್ತಿಗೆ ಆ ಬಾಗಿಲು ವರ್ಷಗಟ್ಟಲೆ ಮುಚ್ಚಿಯೇ ಇತ್ತು. ನಾನು ಊರಿನ ಕಾಲೇಜಿಗೇ ಪಾಠ ಹೇಳಲು ಬಂದೆ, ಆಗಲೂ ಅದು ತೆರೆಯಲಿಲ್ಲ.

ಹೋದ ವರ್ಷ ಟೀಚರಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು. ಹೋದದ್ದು ಎಡಗೈ. ಅಷ್ಟು ವರ್ಷ ಅವರು ಜೋಪಾನ ಮಾಡಿದ್ದ ಅದೇ ಕೈ. ಸುದ್ದಿ ಕೇಳಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ನಂಬದವಳಿಗೆ ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲಾರೆ. ಅಮ್ಮನೂ ನಾನೂ ನೋಡಲು ಹೋದೆವು. ಮತ್ತೆ ಹೂವಿನ ಕಾಲ. ಮಂಚದವರೆಗೂ ಕಾಫಿ ಹೂವಿನ ಪರಿಮಳ ಬಂದಿತ್ತು, ಬಿಳಿಯ ಬೆಳಕು ಗೋಡೆಯ ಮೇಲೆ ಅಲುಗಾಡುತ್ತಿತ್ತು. ಅವರ ಪೂಜೆಯ ಹೊತ್ತು. ಅವರ ತಂಗಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟರೆ ಕೈ ವಾಲಿ ಅದು ಜಾರುತ್ತಿತ್ತು. ಬಲಗೈಗೆ ಇಡುತ್ತೇನೆಂದರೆ ಟೀಚರು ಬೇಡವೆಂದರು. ಎಡಗಡೆ ಕೂತಿದ್ದವಳು ನಾನು.

"ಕೆಳಗಿಂದ ಸ್ವಲ್ಪ ಹಿಡ್ಕೋ ನೋಡುವ" ಎಂದರು ನನಗೆ.

ಅಮ್ಮ ಗಾಬರಿಯಾದರು. "ಅಯ್ಯೋ, ಅವಳು ಕಟ್ಕೊಂಡಿಲ್ಲ ಟೀಚರ್!"

"ಕೈ ಇದೆಯಲ್ಲ ಪಾರ್ವತಕ್ಕ. ಸಾಕು."

ನನ್ನ ಅಂಗೈಯನ್ನು ಅವರ ಅಂಗೈಯ ಕೆಳಗಿಟ್ಟೆ. ಎಷ್ಟು ಹಗುರ ಆ ಕೈ! ಅವರು ಲಿಂಗವನ್ನೇ ನೋಡುತ್ತ ಕೂತರು. ನಾನು ಅವರ ಮುಖ ನೋಡುತ್ತ ಕೂತೆ. ನನಗೆ ದೇವರು ಕಾಣಲಿಲ್ಲ. ಆದರೆ ಒಬ್ಬಳೇ ಇದ್ದೇನೆ ಎಂದೂ ಅನ್ನಿಸಲಿಲ್ಲ. ಕೆಳಗಿದ್ದ ನನ್ನ ಕೈ ಜೋಮು ಹಿಡಿಯುತ್ತಿದ್ದರೂ ಅಲುಗಿಸಲು ಮನಸ್ಸಾಗಲಿಲ್ಲ.

ಮಾರನೆಯ ದಿನದಿಂದ ಕಾಲೇಜಿಗೆ ಹೋಗುವ ಮುಂಚೆ ಅದೇ ನನ್ನ ಕೆಲಸವಾಯಿತು. ಟೀಚರು ಯಾವತ್ತೂ ಬಾ ಎನ್ನಲಿಲ್ಲ, ನಂಬು ಎನ್ನಲಿಲ್ಲ. "ಇವತ್ತು ಎಂಥ ಪಾಠ?" ಎಂದು ಕೇಳಿ, ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ಕಡೆ ಸರಿಸುತ್ತಿದ್ದರು, ಅಷ್ಟೆ. ಮಳೆಗಾಲ ಹಿಡಿಯುವ ಮುಂಚೆ, ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹೊರಟುಹೋಗಿದ್ದರು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು, ಎಡ ಅಂಗೈಯಲ್ಲಿ ಲಿಂಗವಿಟ್ಟು. ಜಗಲಿಯಲ್ಲಿ ವಿಭೂತಿ ಹಚ್ಚಿ ಟೀಚರನ್ನು ಕೂರಿಸಿದ್ದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಲಿಂಗ ಇಟ್ಟರು, ಕೈ ವಾಲಿತು. ಮತ್ತೆ ಇಟ್ಟರು, ಮತ್ತೆ ವಾಲಿತು. ಯಾರಾದರೂ ಹಿಡಿದುಕೊಳ್ಳಿ ಎಂದು ಅವರು ಸುತ್ತ ನೋಡಿದರು. ನಾನು ಹಿಂದೆ, ಕಂಬದ ಹತ್ತಿರ ನಿಂತಿದ್ದೆ. ಅದು ನನ್ನ ಜಾಗವಲ್ಲ ಎಂದು ನನಗೆ ಗೊತ್ತಿತ್ತು. ಆಗ ಅಮ್ಮ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದರು.

"ನೀನೇ ಹಿಡ್ಕೊಳ್ಳೇ. ನಿಂಗೆ ಅಭ್ಯಾಸ ಇದೆಯಲ್ಲ."