ಹೆಸರು ಬರೆದ ವಿಮಾನ

ಚಿಕ್ಕಮ್ಮನ ಹ್ಯಾಂಡ್‌ಬ್ಯಾಗಿನಲ್ಲಿ ಪೇಪರ್ ಟವೆಲ್ ಸುತ್ತಿದ ಒಂದು ನಿಂಬೆಹಣ್ಣಿತ್ತು. ಕುಂಕುಮ ಮನೆಯಲ್ಲೇ ಹಚ್ಚಿ ತಂದಿದ್ದರು.

ಸ್ಯಾನ್ ಡಿಯೇಗೊದ ವಾಯುನೆಲೆಯಲ್ಲಿ ಅಂದು ಮನೆಯವರಿಗೆ ವಿಮಾನಗಳನ್ನು ತೋರಿಸುವ ದಿನ. ಚಿಕ್ಕಮ್ಮನ ಮಗ ಇಲ್ಲೇ ಹುಟ್ಟಿದವನು, ಅಮೆರಿಕದ ಫೈಟರ್ ಪೈಲಟ್. ಸ್ವಲ್ಪ ದಿನಗಳಲ್ಲೇ ವಿಮಾನವಾಹಕ ಹಡಗಿನಲ್ಲಿ ಯುದ್ಧಕ್ಕೆ ಹೊರಡುವವನಿದ್ದ. ಒಂದು ವಿಮಾನದ ಕಾಕ್‌ಪಿಟ್ ಕೆಳಗೆ ಅವನ ಹೆಸರು ಬರೆದಿತ್ತು. ಹೊಸ ಕಾರಿಗೆ ಮಾಡುವಂತೆ ಅದರ ಚಕ್ರದಡಿ ನಿಂಬೆಹಣ್ಣು ಇಡಬೇಕೆಂಬುದು ಚಿಕ್ಕಮ್ಮನ ಆಸೆ. ನೆಲದ ಮೇಲೆ ಬಿದ್ದದ್ದನ್ನೆಲ್ಲ ಇಂಜಿನ್ ಎಳೆದುಕೊಳ್ಳುತ್ತದೆ, ಒಂದು ಸ್ಕ್ರೂ ಕೂಡ ಬೀಳಬಾರದು ಎಂದು ಮೆಕ್ಯಾನಿಕ್ ವಿನಯದಿಂದಲೇ ತಡೆದ.

"ಇಂಜಿನ್‌ಗೆ ಜ್ಯೂಸ್ ಬೇಡ್ವಂತೆ, ಅಮ್ಮ," ಎಂದು ಮಗ ತನ್ನ ಅರೆಬರೆ ಕನ್ನಡದಲ್ಲಿ ಹೇಳಿ, ನಕ್ಕು ಹಣ್ಣನ್ನು ಜೇಬಿಗಿಳಿಸಿದ. ಚಿಕ್ಕಮ್ಮ ವಿಮಾನದ ಮೂತಿಯ ಮೇಲಿದ್ದ ನಂಬರನ್ನು ಬಾಯಿಪಾಠ ಮಾಡಿಕೊಂಡರು. ವಾಪಸ್ ನಡೆಯುವಾಗ ಅವನು ನನಗಷ್ಟೇ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದ: ಹೆಸರು ಬರೆಯುವುದು ಬರೀ ಗೌರವಕ್ಕೆ, ಆ ದಿನ ಯಾವ ವಿಮಾನ ಸಿದ್ಧವಿರುತ್ತದೋ ಅದನ್ನು ಹಾರಿಸುತ್ತೇವೆ. ಅಮ್ಮನಿಗೆ ಹೇಳಬೇಡ ಎಂದೂ ಸೇರಿಸಿದ.

ಕೆಲವು ತಿಂಗಳ ನಂತರ, ಒಂದು ಮಧ್ಯಾಹ್ನ, ಆ ಹಡಗಿನ ವಿಮಾನವೊಂದು ಸಮುದ್ರಕ್ಕೆ ಬಿದ್ದಿದೆ, ಪೈಲಟ್‌ಗಾಗಿ ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಹೆಸರು ಹೇಳಿರಲಿಲ್ಲ. ಚಿಕ್ಕಪ್ಪ ಬೆಂಗಳೂರಿನಲ್ಲಿದ್ದರು. ನಾನು ಟೊರೆನ್ಸ್‌ನ ಆಫೀಸಿನಿಂದ ನೇರ ಕಾರ್ಮೆಲ್ ವ್ಯಾಲಿಯ ಚಿಕ್ಕಮ್ಮನ ಮನೆಗೆ ಡ್ರೈವ್ ಮಾಡಿದೆ. ಇಂಥ ಹೊತ್ತಿನಲ್ಲಿ ಹಡಗಿನಿಂದ ಫೋನು, ಮೆಸೇಜು ಎಲ್ಲ ನಿಲ್ಲಿಸುತ್ತಾರೆ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಯೂನಿಫಾರ್ಮಿನವರು ಕಾರಿನಲ್ಲಿ ಮನೆಗೇ ಬರುತ್ತಾರೆ. ಇದು ಚಿಕ್ಕಮ್ಮನಿಗೂ ಗೊತ್ತಿತ್ತು. ಬೀದಿಯಲ್ಲಿ ಕಾರು ನಿಧಾನವಾದರೆ ಸಾಕು, ಅವರ ಮಾತು ನಿಲ್ಲುತ್ತಿತ್ತು.

ಸಂಜೆ ಟಿವಿಯಲ್ಲಿ ಬಿದ್ದ ವಿಮಾನದ ಹಳೆಯ ಫೋಟೊ ತೋರಿಸಿದರು. ಚಿಕ್ಕಮ್ಮ ಪರದೆಯ ಹತ್ತಿರ ಹೋಗಿ ನಿಂತರು.

"ನಂಬರ್ ನೋಡೇ. ಇದು ಅವನ್ದಲ್ಲ."

ನಾನು ನೋಡಿದೆ. ನಂಬರ್ ಬೇರೆಯೇ ಆಗಿತ್ತು.

"ಅಲ್ಲ ತಾನೇ?"

"ಹೌದು ಚಿಕ್ಕಮ್ಮ, ನಂಬರ್ ಬೇರೆ," ಎಂದೆ. ಹೆಸರಿನ ಬಗ್ಗೆ ಅವನು ಅಂದು ಹೇಳಿದ್ದನ್ನು ಬಾಯಿಬಿಡಲಿಲ್ಲ. ಅವರು ಅನ್ನಕ್ಕಿಟ್ಟರು, ಮಧ್ಯಾಹ್ನದಿಂದ ಮೊದಲ ಬಾರಿಗೆ ಊಟ ಮಾಡಿದರು, ಯಾವ ತಾಯಿಯ ಮಗನೋ ಪಾಪ ಎಂದರು. ನಾನು ಎದ್ದು ಹೋಗಿ ಕಿಟಕಿಯಿಂದ ಬೀದಿ ನೋಡಿದೆ.

ನಾನು ಚೆನ್ನಾಗಿದ್ದೇನೆ ಎಂಬ ಅವನ ಒಂದು ಸಾಲು ಬಂದದ್ದು ವಾರದ ಕೊನೆಗೆ. ಆ ರಾತ್ರಿ ಅದು ನಮಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಏಳುವ ಮೊದಲೇ ನಾನು ಹೊರಗೆ ಹೋಗಿ ಮುಂಬಾಗಿಲಿನ ಮೆಟ್ಟಿಲ ಮೇಲೆ ಕುಳಿತೆ. ಡೆಲಿವರಿ ವ್ಯಾನು ಬಂದು ನಿಂತಾಗ, ಡ್ರೈವರ್ ಬೆಲ್ ಒತ್ತುವ ಮುಂಚೆ ಎದ್ದು ಹೋಗಿ, ಡ್ರೈವ್‌ವೇ ತುದಿಯಲ್ಲೇ ಪೊಟ್ಟಣ ಇಸಿದುಕೊಂಡೆ.