ಗಾಜಿನ ಕಿಂಡಿಯ ದೊಡ್ಡತ್ತಿಗೆ

ನಮ್ಮ ದೊಡ್ಡತ್ತಿಗೆಯ ಜೊತೆ ಪೇಟೆಗೆ ಹೋಗುವುದು ಸುಲಭ. ಚಿಕ್ಕತ್ತಿಗೆಯ ಜೊತೆಯೂ ಹೋಗಬಹುದು, ಪುರುಸೊತ್ತಿದ್ದರೆ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೊರಡುವ ಧೈರ್ಯ ಮಾತ್ರ ಯಾರೂ ಮಾಡಬಾರದು.

ಚಿಕ್ಕತ್ತಿಗೆಯನ್ನು ಕಂಡರೆ ಬೀದಿಗೆ ಬೀದಿಯೇ ನಿಲ್ಲುತ್ತದೆ. ಬೇಕರಿಯವನು ಕೈ ಒರೆಸಿಕೊಂಡು ಹೊರಗೆ ಬರುತ್ತಾನೆ. ಸೈಕಲ್ ರಿಪೇರಿಯವನು "ಡಾಕ್ಟ್ರಮ್ಮಾ, ನೀವು ಕೊಟ್ಟ ಮುಲಾಮಿಗೆ ತುರಿಕೆ ಹೇಳಹೆಸರಿಲ್ಲದಂಗೆ ಹೋಯ್ತು ನೋಡಿ" ಎಂದು ನಡುರಸ್ತೆಯಲ್ಲೇ ಪ್ಯಾಂಟಿನ ಕಾಲು ಮಡಚಲು ಶುರುಮಾಡುತ್ತಾನೆ. ಅವಳು ಡಾಕ್ಟರಲ್ಲ. ಬೀದಿಯ ಮೂಲೆಯಲ್ಲಿ ಅವಳದೊಂದು ಔಷಧಿ ಅಂಗಡಿ ಇದೆ, ಅಷ್ಟೇ. "ಅಯ್ಯೋ, ನಾನು ಡಾಕ್ಟರಲ್ಲ ಕಣ್ರೀ" ಎಂದು ಅವಳೂ ಹೇಳುತ್ತಾಳೆ, ಆದರೆ ಯಾರಿಗೂ ಕೇಳಿಸದಷ್ಟು ಮೆತ್ತಗೆ. ಆ ಹೊತ್ತಿಗೆ ದೊಡ್ಡತ್ತಿಗೆ ಎದುರಿನ ಅಂಗಡಿಯಲ್ಲಿ ನೇತುಹಾಕಿದ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿರುತ್ತಾಳೆ. ಅವಳಿಗೆ ಬಕೆಟ್ ಬೇಕಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದವರು ಎಲ್ಲಾದರೂ ಒಂದು ಕಡೆ ನೋಡಬೇಕಲ್ಲ.

ಇಬ್ಬರೂ ಓದಿದ್ದು ಫಾರ್ಮಸಿಯನ್ನೇ, ಅದೂ ಒಂದೇ ಕಾಲೇಜಿನಲ್ಲಿ. ದೊಡ್ಡತ್ತಿಗೆ ತರಗತಿಗೇ ಮೊದಲಿಗಳು. ಎರಡು ವರ್ಷ ಹಿಂದಿದ್ದ ಚಿಕ್ಕತ್ತಿಗೆ ಪ್ರತಿ ಪರೀಕ್ಷೆಗೆ ಮುಂಚೆ ಇವಳ ಹಾಸ್ಟೆಲ್ ಕೋಣೆಯಲ್ಲಿ ಕೂತು ಹೇಳಿಸಿಕೊಂಡು ಹೇಗೋ ದಡ ಸೇರಿದವಳು. ನನ್ನ ದೊಡ್ಡಣ್ಣನನ್ನು ಮದುವೆಯಾಗಿ ಬಂದ ಮೇಲೆ, ಚಿಕ್ಕಣ್ಣನಿಗೆ ಹೆಣ್ಣು ಹುಡುಕುವಾಗ "ನಂಗೊಬ್ಬಳು ಗೊತ್ತು, ಪಾಪದ ಹುಡುಗಿ, ಹೇಳಿದ ಮಾತು ಕೇಳ್ಕೊಂಡಿರ್ತಾಳೆ" ಎಂದು ಅವಳನ್ನು ಈ ಮನೆಗೆ ತಂದವಳೂ ದೊಡ್ಡತ್ತಿಗೆಯೇ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಳು.

ನಾನು ಇವರಿಬ್ಬರ ನಾದಿನಿ, ಪಕ್ಕದ ಬೀದಿಯಲ್ಲಿ ಹೊಲಿಗೆ ಕೆಲಸ. ದೊಡ್ಡತ್ತಿಗೆಗೂ ನನಗೂ ಓರಗೆಯ ವಯಸ್ಸು, ಹೋಗೇ ಬಾರೇ ಎನ್ನುವ ಸಲುಗೆ. ನಾನು ಹೊಲಿದ ಅಂಗಿ ಹಾಕಿಕೊಂಡವರಿಗೆ "ಚೆನ್ನಾಗಿ ಕಾಣ್ತೀಯಾ" ಎನ್ನುತ್ತಾರೆಯೇ ಹೊರತು ಹೊಲಿದವಳು ಯಾರೆಂದು ಯಾರೂ ಕೇಳುವುದಿಲ್ಲ. ಹಾಗಾಗಿ ಹೊಟ್ಟೆಕಿಚ್ಚಿನ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿದೆ.

ದೊಡ್ಡತ್ತಿಗೆಯ ಕೆಲಸ ದೊಡ್ಡಾಸ್ಪತ್ರೆಯಲ್ಲಿ. ಎಕ್ಸ್‌ರೇ ಕೋಣೆ ದಾಟಿ ಓಣಿಯ ತುದಿಗೆ ಹೋದರೆ ಒಂದು ಗಾಜಿನ ಗೋಡೆ ಸಿಗುತ್ತದೆ. ಆ ಗಾಜಿಗೆ ಯಾವ ಪುಣ್ಯಾತ್ಮನೋ ಬಿಳಿ ಬಣ್ಣ ಬಳಿಸಿದ್ದಾನೆ. ಕೆಳಗೆ ಅರ್ಧಚಂದ್ರದ ಆಕಾರದ ಕಿಂಡಿ. ಬಗ್ಗಿ ಚೀಟಿ ಕೊಟ್ಟರೆ ಒಳಗಿನಿಂದ ಎರಡು ಕೈ ಬಂದು ಮಾತ್ರೆ ಕೊಡುತ್ತವೆ. ಆ ಕೈಗಳು ನಮ್ಮ ದೊಡ್ಡತ್ತಿಗೆ. ಜನ ಅವಳಿಗೆ ಇಟ್ಟ ಹೆಸರು ಕಿಂಡಿಯಮ್ಮ. ಮಾತ್ರೆ ಕೊಡುವ ಮುಂಚೆ ಪ್ರತಿಯೊಬ್ಬರಿಗೂ ಅವಳು ಒಂದು ಪ್ರಶ್ನೆ ಕೇಳುತ್ತಾಳೆ: "ಬೇರೆ ಏನು ಮಾತ್ರೆ ತಗೊಳ್ತಿದ್ದೀರಾ?" ಸಾಲಿನಲ್ಲಿ ನಿಂತು ಕಾಲು ಸೋತವರಿಗೆ ಆ ಪ್ರಶ್ನೆ ಕೇಳಿದರೆ ಪಿತ್ತ ನೆತ್ತಿಗೇರುತ್ತದೆ. "ಕೊಡಮ್ಮ ತಾಯಿ, ಬಸ್ಸು ಹೋಗತ್ತೆ" ಎನ್ನುತ್ತಾರೆ. ಅವಳು ಉತ್ತರ ಸಿಗುವ ತನಕ ಮಾತ್ರೆ ಬಿಡುವುದಿಲ್ಲ.

ಅವಳ ಅಸಲಿ ಕೆಲಸ ಕಿಂಡಿಯ ಹಿಂದೆ. ಎಷ್ಟೋ ಔಷಧಿಗಳು ದೊಡ್ಡವರ ಅಳತೆಯಲ್ಲೇ ಬರುತ್ತವೆ, ಅಂಗೈಯಗಲದ ಮಕ್ಕಳಿಗೆ ಅದನ್ನು ಕೊಡುವ ಹಾಗಿಲ್ಲ. ಅವಳು ಮಾತ್ರೆಯನ್ನು ಅರೆದು, ಸಣ್ಣ ತಕ್ಕಡಿಯಲ್ಲಿ ತೂಗಿ, ಕಾಗದದ ಪೊಟ್ಟಣ ಕಟ್ಟುತ್ತಾಳೆ. ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ಬೇಕರಿಯವನ ಮಗಳಿಗೆ ಹುಟ್ಟುವಾಗಲೇ ಹೃದಯದ ತೊಂದರೆ ಇತ್ತು. ಆ ಮಗು ನಡೆಯಲು ಕಲಿಯುವ ತನಕ ಜೀವ ಉಳಿಸಿಕೊಂಡಿದ್ದು ಈ ಪೊಟ್ಟಣಗಳ ಮೇಲೆ. ಇನ್ನು ಗಡಿಬಿಡಿಯಲ್ಲಿ ಡಾಕ್ಟರು ಅಳತೆ ತಪ್ಪಿ ಬರೆದರೆ ಇವಳು ಫೋನ್ ಎತ್ತುತ್ತಾಳೆ. "ತಪ್ಪಿದೆ" ಎಂದು ಹೇಳುವುದಿಲ್ಲ. "ಸರ್, ಮಗುವಿನ ತೂಕ ಇನ್ನೊಂದ್ಸಲ ಹೇಳ್ತೀರಾ?" ಎನ್ನುತ್ತಾಳೆ. ಆ ಕಡೆ ಹಾಳೆ ಮಗುಚುವ ಸದ್ದು, ಆಮೇಲೆ ಅಳತೆ ಸರಿಹೋಗುತ್ತದೆ. ಅಂಥ ದಿನ ಅವಳು ಮನೆಗೆ ಬರುವಾಗ ಮೆಟ್ಟಿಲ ಮೇಲೇ ಹಾಡು ಗುನುಗುವುದು ಕೇಳಿಸುತ್ತದೆ.

"ಆಗಿದ್ದಕ್ಕೆ ಜನ ಥ್ಯಾಂಕ್ಸ್ ಹೇಳ್ತಾರೆ ಕಣೇ" ಎಂದು ಒಮ್ಮೆ ನನಗೆ ಹೇಳಿದಳು. "ಆಗದೇ ಉಳಿದಿದ್ದಕ್ಕೆ ಯಾರು ಹೇಳ್ತಾರೆ?"

ಕೆಲಸದ ಮೇಲೆ ಅವಳಿಗೆ ಮುನಿಸಿರಲಿಲ್ಲ. ಕೆಲಸವೆಂದರೆ ಪ್ರಾಣ. ಆ ಕೈಗಳಿಗೆ ಒಂದು ಮುಖವೂ ಇದೆ ಎಂದು ಯಾರಿಗೂ ಗೊತ್ತಿಲ್ಲವಲ್ಲ ಎಂಬುದೇ ಅವಳ ಉರಿ. ಇದ್ದ ಒಂದೇ ಸಮಾಧಾನ ಆಸ್ಪತ್ರೆಯ ಹೃದಯದ ಡಾಕ್ಟರು. ಮಹಾ ಸಿಡುಕ. ಆದರೂ ಇವಳ ಫೋನ್ ಬಂದರೆ "ಹೇಳಿ ಮೇಡಂ" ಎಂದೇ ಎತ್ತುವರು. "ಔಷಧಿ ಮೇಡಂ ಹೇಳಿದ್ರೆ ಸರಿಯಾಗೇ ಇರುತ್ತೆ" ಎಂದು ಅವರು ಯಾರೋ ನರ್ಸಿಗೆ ಹೇಳಿದ್ದು ಇವಳ ಕಿವಿಗೆ ಬಿದ್ದಿತ್ತು. ಆ ಒಂದು ಮಾತನ್ನು ನನಗೆ ಅದೆಷ್ಟು ಸಲ ಹೇಳಿದ್ದಾಳೋ, ಪ್ರತಿ ಸಲವೂ ಹೊಸದಾಗಿ ಹೇಳುವವಳ ಹಾಗೆ.

ಇದೆಲ್ಲ ಹೀಗೇ ನಡೆಯುತ್ತಿತ್ತೋ ಏನೋ, ನಮ್ಮ ಅಮ್ಮ ಬಾಯಿ ಬಿಡದಿದ್ದರೆ.

ಅಮ್ಮನಿಗೆ ರಕ್ತದೊತ್ತಡ. ಮಾತ್ರೆ ಚಿಕ್ಕತ್ತಿಗೆಯ ಅಂಗಡಿಯದು. ಗುಲಾಬಿ ಬಣ್ಣದ ಮಾತ್ರೆ, ಬೆಳಗಿನದೆಂದು ಗೊತ್ತಾಗಲು ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ಬರೆದ ಸೂರ್ಯನ ಚಿತ್ರ. ಒಂದು ದಿನ ನೋಡಲು ಬಂದ ನೆಂಟರ ಎದುರು ಅಮ್ಮ ಹೇಳಿಬಿಟ್ಟಳು: "ನನ್ನ ಔಷಧಿಯೆಲ್ಲ ಚಿಕ್ಕವಳದೇ ಉಸ್ತುವಾರಿ. ದೊಡ್ಡವಳು ಪಾಪ, ಆಸ್ಪತ್ರೇಲಿ ಮಾತ್ರೆ ಎತ್ತಿಕೊಡೋ ಕೆಲಸದಲ್ಲಿದ್ದಾಳೆ."

ದೊಡ್ಡತ್ತಿಗೆ ಆಗ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಬೀಳಿಸಲಿಲ್ಲ. ಬೀಳಿಸಿದ್ದರೇ ಒಳ್ಳೆಯದಿತ್ತು, ಅಲ್ಲಿಗೇ ಜಗಳವಾಗಿ ಮುಗಿದುಹೋಗುತ್ತಿತ್ತು. ನಗುನಗುತ್ತಾ ಎಲ್ಲರಿಗೂ ಬಡಿಸಿದಳು.

ಮುಂದಿನ ವಾರವೇ ಅಮ್ಮನನ್ನು ತನ್ನ ಆಸ್ಪತ್ರೆಗೆ ಕರೆದೊಯ್ದು ಹೃದಯದ ಡಾಕ್ಟರಿಗೆ ತೋರಿಸಿದಳು. ಬೇರೆ ಏನಾದರೂ ಮಾತ್ರೆ ನಡೆಯುತ್ತಿದೆಯೇ ಎಂದು ಡಾಕ್ಟರು ಕೇಳಿದ್ದಕ್ಕೆ ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಇವಳೇ "ಅದನ್ನ ನಾನು ನೋಡ್ಕೋತೀನಿ ಸರ್" ಎಂದಳು. ಔಷಧಿ ಮೇಡಂ ಹೇಳಿದ ಮೇಲೆ ಮುಗಿಯಿತು. ಅವರು ಬರೆದುಕೊಟ್ಟರು. ಇವಳು ತನ್ನದೇ ಕಿಂಡಿಯಿಂದ ಮಾತ್ರೆ ತಂದು ಅಮ್ಮನ ಕೈಗಿಟ್ಟಳು. "ಇನ್ಮೇಲೆ ಇದು ತಗೊಳ್ಳಿ ಅತ್ತೆ. ಅವಳಿಗೆ ಹೇಳೋದು ಬೇಡ."

ಅಂಗಡಿಯಲ್ಲಿ ಔಷಧಿ ಸಿಗುವುದು ಕಂಪನಿ ಇಟ್ಟ ಹೆಸರಿನಲ್ಲಿ. ಆಸ್ಪತ್ರೆಯಲ್ಲಿ ಕೊಡುವುದು ಔಷಧಿಯ ಮೂಲ ಹೆಸರಿನಲ್ಲಿ. ಚಿಕ್ಕತ್ತಿಗೆಯ ಗುಲಾಬಿ ಮಾತ್ರೆಯೂ ದೊಡ್ಡತ್ತಿಗೆಯ ಬಿಳಿ ಮಾತ್ರೆಯೂ ಒಂದೇ ಔಷಧಿ. ಇದು ದೊಡ್ಡತ್ತಿಗೆಗೆ ಗೊತ್ತಿತ್ತು. ಚಿಕ್ಕವಳದನ್ನು ನಿಲ್ಲಿಸಿ ಎಂದು ಬಿಡಿಸಿ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಹಾಗೆ ಹೇಳಿದ್ದರೆ ಅಮ್ಮ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂಬುದಕ್ಕೆ ದೊಡ್ಡತ್ತಿಗೆಯ ಹತ್ತಿರ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಇದು ಬಂದ ಮೇಲೆ ಅದು ತಾನಾಗಿ ನಿಲ್ಲುತ್ತದೆ ಎಂದುಕೊಂಡಳು. ಊರಿನ ಜನಕ್ಕೆಲ್ಲ ಕೇಳುವ ಪ್ರಶ್ನೆಯನ್ನು ಮನೆಯಲ್ಲಿ ಕೇಳಲಿಲ್ಲ.

ಅಮ್ಮ ಎರಡನ್ನೂ ನುಂಗಿದಳು.

ಅವಳ ಲೆಕ್ಕಾಚಾರ ನೇರವಾಗಿತ್ತು. ಗುಲಾಬಿ ಮಾತ್ರೆ ಬಿಟ್ಟರೆ ಚಿಕ್ಕವಳಿಗೆ ಗೊತ್ತಾಗುತ್ತದೆ, ಗೊತ್ತಾಗಬಾರದೆಂದು ದೊಡ್ಡವಳು ಹೇಳಿದ್ದಾಳೆ. ಬಿಳಿಯದನ್ನು ಬಿಟ್ಟರೆ ದೊಡ್ಡವಳಿಗೆ ನೋವಾಗುತ್ತದೆ. ಇಬ್ಬರು ಸೊಸೆಯರ ನಡುವೆ ಭೇದ ಮಾಡಿದವಳಲ್ಲ ನಮ್ಮಮ್ಮ. ಆ ವಾರವಿಡೀ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರೂ ವಯಸ್ಸಾಯಿತು ಎಂದು ಸುಮ್ಮನಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ಹಣೆ ಒಡೆದು ರಕ್ತ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಅಮ್ಮ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡು ಮಲಗಿದ್ದಳು. ಮಂಚದ ಒಂದು ಕಡೆ ದೊಡ್ಡತ್ತಿಗೆ, ಇನ್ನೊಂದು ಕಡೆ ಚಿಕ್ಕತ್ತಿಗೆ, ಕಾಲ ಬುಡದಲ್ಲಿ ಅಮ್ಮನ ಚೀಲ ಹಿಡಿದ ನಾನು. ಹೃದಯದ ಡಾಕ್ಟರೇ ಬಂದರು. ತೆಗೆದುಕೊಳ್ಳುವ ಮಾತ್ರೆಗಳೆಲ್ಲ ಎಲ್ಲಿ ಎಂದರು. ನಾನು ಚೀಲದೊಳಗೆ ಕೈ ಹಾಕಿ ಸಿಕ್ಕಿದ್ದನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ಗುಲಾಬಿ ಬಣ್ಣದ್ದು, ಬಿಳಿಯದು, ಎರಡೂ ಅಕ್ಕಪಕ್ಕ ಬಿದ್ದವು.

ಇಬ್ಬರೂ ಒಟ್ಟಿಗೇ ನೋಡಿದರು. ಒಂದೇ ಔಷಧಿ ಎರಡು ಪಾಲು ಒಳಗೆ ಹೋಗಿ ಒತ್ತಡ ಇಳಿದಿದೆ ಎಂದು ಫಾರ್ಮಸಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಮಾತ್ರೆಯ ಸ್ಟ್ರಿಪ್ಪಿನ ಮೇಲಿದ್ದ ಆಸ್ಪತ್ರೆಯ ಮೊಹರನ್ನು ಕಂಡು ಚಿಕ್ಕತ್ತಿಗೆ ತಲೆ ಎತ್ತಿ ದೊಡ್ಡತ್ತಿಗೆಯ ಮುಖ ನೋಡಿದಳು. ಈಗ ಬಯಲಿಗೆಳೆಯುತ್ತಾಳೆ ಎಂದುಕೊಂಡೆ.

"ನಂದೇ ತಪ್ಪು ಸರ್" ಎಂದಳು ಚಿಕ್ಕತ್ತಿಗೆ. "ಈ ಗುಲಾಬಿದನ್ನ ನಾನು ಕೊಡ್ತಾ ಇದ್ದೆ. ನಾನು ವಿಚಾರಿಸ್ಬೇಕಿತ್ತು."

ಡಾಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾರು? ಅಂಗಡಿಯವರಾ?"

"ಹೌದು ಸರ್, ಮೂಲೆಯಲ್ಲಿ..."

"ಗೊತ್ತು ಬಿಡಿ. ಕೇಳಿದವರಿಗೆ ಕೇಳಿದ್ದು ಕೊಟ್ಟು ಕಳಿಸೋದು. ಕಿರಾಣಿ ಸಾಮಾನು ಅಂದ್ಕೊಂಡಿದ್ದೀರಾ? ಸ್ವಲ್ಪ ಆಚೆ ನಿಲ್ಲಿ." ಆಮೇಲೆ ದನಿ ಇಳಿಸಿ ದೊಡ್ಡತ್ತಿಗೆಯ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ಯಾವಾಗಿಂದ ಹೀಗಾಗ್ತಿದೆ?"

ಬೀದಿಗೆ ಬೀದಿಯೇ ಎದ್ದು ನಿಲ್ಲುವ ಡಾಕ್ಟ್ರಮ್ಮ, ಪರದೆಯ ಪಕ್ಕಕ್ಕೆ ಸರಿದು ಚಪ್ಪಲಿಯ ತುದಿ ನೋಡುತ್ತಾ ನಿಂತಳು. ದೊಡ್ಡತ್ತಿಗೆ ಇಷ್ಟು ವರ್ಷ ಬಕೆಟ್ ನೋಡುತ್ತಾ ಮನಸ್ಸಿನಲ್ಲೇ ಬೇಡಿಕೊಂಡಿದ್ದು ಇದನ್ನೇ. ನನಗೆ ಗೊತ್ತು, ನಾನೂ ಎಷ್ಟೋ ಸಲ ಜೊತೆಗೆ ಬೇಡಿಕೊಂಡಿದ್ದೆ. ಈಗ ಅದು ಕೇಳದೆಯೇ ಕೈಗೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಡಾಕ್ಟರು ದಿನಕ್ಕೆ ನೂರು ಚೀಟಿ ಬರೆಯುವವರು, ಅಮ್ಮನಿಗೆ ಬರೆದದ್ದು ಅವರಿಗೆ ನೆನಪಿರಲಿಲ್ಲ. ಅವಳ "ಔಷಧಿ ಮೇಡಂ" ಎಂಬ ಹೆಸರು ಅವಳ ಹತ್ತಿರವೇ ಉಳಿಯುತ್ತಿತ್ತು.

ದೊಡ್ಡತ್ತಿಗೆ ಬಿಳಿ ಮಾತ್ರೆಯನ್ನು ಕೈಗೆತ್ತಿಕೊಂಡಳು. ಡಾಕ್ಟರ ಮುಂದೆ ಹಿಡಿದಳು.

"ಇದು ನನ್ನ ಕಿಂಡಿಯಿಂದ ಹೋಗಿದ್ದು ಸರ್. ನೀವು ಬೇರೆ ಮಾತ್ರೆ ಕೇಳಿದಾಗ ನಾನು ನೋಡ್ಕೋತೀನಿ ಅಂದೆ. ನೋಡ್ಕೊಳ್ಳಲಿಲ್ಲ. ಅವಳಿಗೆ ತಿಳಿಸಬೇಡಿ ಅಂತ ಅತ್ತೆಗೆ ಹೇಳಿದ್ದೂ ನಾನೇ." ಪರದೆಯ ಕಡೆ ಕೈ ತೋರಿಸಿದಳು. "ಮತ್ತೆ ಸರ್, ಅವಳು ಕಿರಾಣಿ ಅಂಗಡಿಯವಳಲ್ಲ. ಫಾರ್ಮಸಿಸ್ಟ್. ನಾನು ಓದಿದ್ದನ್ನೇ ಓದಿದ್ದಾಳೆ. ಅವಳನ್ನ ಆಚೆ ನಿಲ್ಲಿಸಿದ್ರೆ ನನ್ನನ್ನೂ ನಿಲ್ಲಿಸ್ಬೇಕು."

"ನೀವಾ ಮೇಡಂ?" ಎಂದರು ಡಾಕ್ಟರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಮ್ಮ ಎರಡು ದಿನದಲ್ಲಿ ಸುಧಾರಿಸಿಕೊಂಡಳು. ಹಣೆಗೆ ಪಟ್ಟಿ ಕಟ್ಟಿಕೊಂಡು "ಇಬ್ರೂ ಪ್ರೀತಿಯಿಂದ ಕೊಟ್ಟಿದ್ದು, ಹೇಗೆ ಬೇಡ ಅನ್ನಲಿ" ಎಂದು ನನ್ನನ್ನೇ ಕೇಳಿದಳು. ಈಗ ಅವಳ ಮಾತ್ರೆ ಡಬ್ಬಿಯನ್ನು ಒಬ್ಬಳು ತುಂಬುತ್ತಾಳೆ, ಇನ್ನೊಬ್ಬಳು ಪರೀಕ್ಷೆ ಮಾಡುತ್ತಾಳೆ. ಆಸ್ಪತ್ರೆಯಲ್ಲಿ ಹಾಗೇ ಮಾಡುವುದಂತೆ, ತುಂಬಿದ ಕೈಯೇ ಪರೀಕ್ಷೆ ಮಾಡಬಾರದಂತೆ. ಯಾರು ತುಂಬಬೇಕು ಎಂಬುದಕ್ಕೆ ಮಾತ್ರ ಪ್ರತಿ ವಾರ ಜಗಳ.

ಆಸ್ಪತ್ರೆಯಲ್ಲಿ ದೊಡ್ಡತ್ತಿಗೆ ಸುಮಾರು ದಿನ ಫೋನ್ ಎತ್ತಲು ಹೆದರಿದಳು. ಕೊನೆಗೊಮ್ಮೆ ಮಗುವೊಂದರ ಚೀಟಿಯಲ್ಲಿ ಅಳತೆ ತಪ್ಪಿತ್ತು, ಎತ್ತಲೇಬೇಕಾಯಿತು. ಡಾಕ್ಟರು ಕೇಳಿಸಿಕೊಂಡರು, ತಿದ್ದಿಕೊಂಡರು. "ಆದ್ರೆ 'ಹೇಳಿ' ಅಂದ್ರು ಕಣೇ. 'ಹೇಳಿ ಮೇಡಂ' ಅನ್ನಲಿಲ್ಲ" ಎಂದು ನನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಹೋದದ್ದು ಏನೆಂದು ನನಗೂ ಗೊತ್ತಿತ್ತು.

ಮೊನ್ನೆ ನಾನೇ ಧೈರ್ಯ ಮಾಡಿ ಇಬ್ಬರನ್ನೂ ಕರೆದುಕೊಂಡು ಪೇಟೆಗೆ ಹೊರಟೆ. ಬೇಕರಿಯವನು ಎಂದಿನಂತೆ ಕೈ ಒರೆಸಿಕೊಂಡು ಬಂದ. ದೊಡ್ಡತ್ತಿಗೆ ಬಕೆಟ್ಟುಗಳ ಕಡೆ ತಿರುಗಿದಳು. ಚಿಕ್ಕತ್ತಿಗೆ ಅವಳ ರಟ್ಟೆ ಹಿಡಿದು ಎಳೆದಳು.

"ಇವರು ನಮ್ಮಕ್ಕ. ನಿಮ್ಮ ಮಗಳು ಹಸುಗೂಸಾಗಿದ್ದಾಗ ಪುಡಿ ಪೊಟ್ಟಣ ತರ್ತಿದ್ರಲ್ಲ, ದೊಡ್ಡಾಸ್ಪತ್ರೆಯಿಂದ? ಕಟ್ಟಿದ್ದು ಇವರೇ."

ಬೇಕರಿಯವನು ದೊಡ್ಡತ್ತಿಗೆಯ ಮುಖ ನೋಡಲಿಲ್ಲ, ಕೈ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ತಿರುಗಿ, ಶಾಲೆಯ ಬಟ್ಟೆಯಲ್ಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬ್ರೆಡ್ ತಿನ್ನುತ್ತಿದ್ದ ಮಗಳನ್ನು ಕರೆದ. "ಬಾ ಇಲ್ಲಿ. ಇವರನ್ನ ನೋಡು."

ಆ ಹುಡುಗಿ ಬಂದು ನೋಡಿದಳು. ದೊಡ್ಡತ್ತಿಗೆಯೂ ಅವಳನ್ನು ನೋಡಿದಳು. ಯಾರಿಗಾಗಿ ಪೊಟ್ಟಣ ಕಟ್ಟಿದ್ದಳೋ ಆ ಮಗುವನ್ನು ಅವಳು ಕಂಡದ್ದು ಅದೇ ಮೊದಲು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಹೊರಗೆ ಬಂದದ್ದು ರೂಢಿಯ ಮಾತೇ: "ಈಗ ಏನಾದ್ರೂ ಮಾತ್ರೆ ತಗೊಳ್ತಿದ್ದೀಯಾ ಪುಟ್ಟಿ?"

"ಇಲ್ಲ" ಎಂದಳು ಹುಡುಗಿ. "ಒಂದೂ ಇಲ್ಲ."

ಬೀದಿಯ ತಿರುವಿನ ತನಕ ದೊಡ್ಡತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಬಂದಳು. ಅಲ್ಲಿ ಚಿಕ್ಕತ್ತಿಗೆಯನ್ನು ಇನ್ಯಾರೋ ತಡೆದು ನಿಲ್ಲಿಸಿದರು. ದೊಡ್ಡತ್ತಿಗೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನೋಡಿದ್ಯಾ ಇವಳನ್ನ? ಪೊಟ್ಟಣ ಕಟ್ಟಿದ್ದು ನಾನು. ಅದನ್ನ ಹೇಳೋದಕ್ಕೂ ಇವಳೇ ಬೇಕಾಯ್ತು."