ಪಾರವ್ವ ಕೇಳಿದ ಫ್ರೆಂಚ್ ಸಿಂಫನಿ

ಕೊಲ್ಲಿ ನಾಡಿನಲ್ಲಿ ಕಚ್ಚಾ ಎಣ್ಣೆಯ ಬೆಲೆ ಬಿದ್ದು ಎರಡು ವರ್ಷವಾಗಿತ್ತು. ಬಾಗಲಕೋಟೆಯಿಂದ ಅಲ್ಲಿಗೆ ಬಂದಿದ್ದ ಬಸವಪ್ರಭು ನಕ್ಷೆ ಬರೆಯುತ್ತಿದ್ದ ಕಂಪನಿಯ ಕಟ್ಟಡಗಳೆಲ್ಲ ಅರ್ಧಕ್ಕೇ ನಿಂತಿದ್ದವು. ಕೆಲಸವಿಲ್ಲದಿದ್ದರೂ ಅವನು ಆಫೀಸಿಗೆ ಹೋಗಿ ಕೂತು ಬರುತ್ತಿದ್ದ. ಹೆಂಡತಿ ಪಾರವ್ವ ಮತ್ರಾ ಎಂಬ ಬಂದರುಪೇಟೆಯ ಇಕ್ಕಟ್ಟಿನ ಓಣಿಯ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತಿದ್ದಳು. ಅವರ ಒಬ್ಬಳೇ ಮಗಳು ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು.

ಎದುರು ಮನೆಯ ಸೌದ ಹೊಸದಾಗಿ ಕಟ್ಟಿದ ವಾದ್ಯವೃಂದವೊಂದಕ್ಕೆ ಸೇರಿದ್ದ ಹುಡುಗಿ. ಸಂಜೆ ಮಾಳಿಗೆ ಹತ್ತಿ, ಶಹನಾಯಿಗಿಂತ ಉದ್ದನೆಯ, ತಗ್ಗುದನಿಯ ವಾದ್ಯವನ್ನು ಊದುತ್ತಿದ್ದಳು. ಯಾವಾಗಲೂ ಅದೇ ರಾಗ. ಅದು ಮೆಲ್ಲಗೆ ಏರಿ, ಏನನ್ನೋ ಕೇಳಿದಂತೆ ಮಾಡಿ, ಉತ್ತರ ಸಿಗದೆ ಇಳಿಯುತ್ತಿತ್ತು. ನಡುನಡುವೆ ಸೌದ ಸುಮ್ಮನಾಗುವಳು. ಆಗ ಪಾರವ್ವನಿಗೆ ಮಗಳ ಉಸಿರು ಕೇಳತೊಡಗಿತು. ಮೊದಲು ಬರೀ ಉಸಿರು, ಆಮೇಲೆ “ಯವ್ವಾ” ಎಂಬ ಕರೆ. ಅವಳು ಒಲೆ ಮರೆತು ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

“ಅನ್ನ ಸೀದ ಹೋತಲ್ಲ, ಏನ ಕೇಳ್ಕೋತ ನಿಂತಿ?” ಎಂದ ಬಸವಪ್ರಭು ಒಮ್ಮೆ.

“ಆ ಹುಡುಗಿ ಊದೂದು.”

“ಆಕಿ ನಿಲ್ಲಿಸಿ ಎಷ್ಟ ಹೊತ್ತಾತು!”

ಓಣಿಯಲ್ಲಿ ಸಿಕ್ಕ ಸೌದಳನ್ನು ಪಾರವ್ವ ತನ್ನ ಹರಕು ಹಿಂದಿಯಲ್ಲಿ ಕೇಳಿದಳು: “ನಡುವೆ ಯಾಕೆ ನಿಲ್ಲಿಸ್ತೀ?”

“ಅಲ್ಲಿ ಬೇರೆಯವರು ನುಡಿಸ್ತಾರೆ, ಖಾಲಾ. ಇದು ಫ್ರೆಂಚ್ ಸಿಂಫನಿ. ನನ್ನದು ಅದರಲ್ಲೊಂದು ಪಾಲು ಅಷ್ಟೇ. ಗುರುವಾರ ಕಾರ್ಯಕ್ರಮ ಇದೆ, ಬನ್ನಿ.”

ಗಂಡ ಹೆಂಡತಿ ಇಬ್ಬರೂ ಹೋದರು. ಮೊದಲಿಗೆ ದೊಡ್ಡ ಪಿಟೀಲುಗಳು ತಳದಿಂದ ಮೂರೇ ಸ್ವರಗಳ ಪ್ರಶ್ನೆಯೊಂದನ್ನು ಎತ್ತಿದವು. ಇಡೀ ವೃಂದ ಅದನ್ನೇ ಕೆದಕಿ, ಸಿಟ್ಟಿಗೆದ್ದು, ದಣಿದು ನಿಂತಿತು. ಎರಡನೆಯ ಭಾಗ ಬಂದಾಗ ಪಿಟೀಲಿನವರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟಿದರು. ಅದರ ಮೇಲೆ ಸೌದಳ ರಾಗ ಎದ್ದಿತು. ಪಾರವ್ವ ಸೆರಗು ಬಿಗಿಹಿಡಿದು, ಅವಳು ಸುಮ್ಮನಾಗುವ ಜಾಗಕ್ಕೆ ಕಾದಳು. ಆ ಜಾಗ ಬಂತು, ಅಲ್ಲಿ ಪಿಟೀಲುಗಳಿದ್ದವು. ಮತ್ತೊಂದು ಬಂತು, ಅಲ್ಲಿ ಕೊಳಲಿತ್ತು. ಮಗಳ ದನಿಗೆ ಎಲ್ಲೂ ಎಡೆಯಿರಲಿಲ್ಲ. ಕೊನೆಯ ಭಾಗದಲ್ಲಿ ಅದೇ ರಾಗ ಕಹಳೆಗಳ ಬಾಯಲ್ಲಿ, ಗೆದ್ದವರ ಹಾಗೆ ತಿರುಗಿ ಬಂತು. ಜನ ಹಿಗ್ಗಿದರು. ಪಾರವ್ವ ಎದ್ದು ಹೊರಗೆ ನಡೆದಳು.

ಮರುದಿನ ಸೌದಳ ಮಾಳಿಗೆಗೇ ಹೋಗಿ, “ಒಬ್ಬಳೇ ಊದು” ಎಂದು ಬೇಡಿಕೊಂಡಳು. ಸೌದ ಊದಿದಳು, ನಿಲ್ಲಿಸಿದಳು. ಪಾರವ್ವನಿಗೆ ಈಗ ಮೀಟಿದ ತಂತಿಗಳಷ್ಟೇ ಕೇಳಿದವು.

“ಹೋದಳು,” ಎಂದಳು.

“ಯಾರು, ಖಾಲಾ?”

“ನನ್ನ ಮಗಳು.”

ಸೌದ ವಾದ್ಯವನ್ನು ಪಕ್ಕಕ್ಕಿಟ್ಟು ಅವಳ ಕೈ ಹಿಡಿದು ಕೂತಳು.

ಮನೆಗೆ ಬಂದು ಪಾರವ್ವ ಗಂಡನಿಗೂ ಎಲ್ಲ ಹೇಳಿದಳು. ಅವನು ಬೈಯುತ್ತಾನೆಂದುಕೊಂಡಿದ್ದಳು. ಅವನು ಗೋಡೆ ಕಡೆ ಮುಖ ಮಾಡಿ, “ನನಗೂ ಮಗಳ ದನಿ ಕೇಳತಿತ್ತು, ಪಾರೂ. ನೀ ಅಂಜತಿ ಅಂತ ಹೇಳಲಿಲ್ಲ,” ಎಂದ.

ಆ ಚಳಿಗಾಲ ಕಂಪನಿ ಮುಚ್ಚಿತು. ಬಾಗಲಕೋಟೆಗೆ ಮರಳಿದ ಮೇಲೆ ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಊಟಕ್ಕೆ ಕೂತಾಗ ಇಬ್ಬರೂ ಮಗಳ ಮಾತು ಆಡುತ್ತಿದ್ದರು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತ.